ಸಿಇ (ಕಾಮನ್ ಎಮಿಟರ್) ಆಂಪ್ಲಿಫೈಯರ್: ಲೆಕ್ಕದಲ್ಲಿ ಗೇನ್ 176, ಸ್ಕೋಪ್‌ನಲ್ಲಿ 53. ಉಳಿದಿದ್ದು ಎಲ್ಲಿ ಹೋಯ್ತು?

ಸುಮ_ಲ್ಯಾಬ್

ಮೂರನೇ ಸೆಮ್‌ನವರಿಗೆ ಮಾಮೂಲಿ ಸಿಂಗಲ್ ಸ್ಟೇಜ್ ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್. ಬ್ರೆಡ್‌ಬೋರ್ಡ್ ಮೇಲೆ ರಿಗ್ ಮಾಡಿದ್ದು. ವ್ಯಾಲ್ಯೂ ಎಲ್ಲ ಕೊಡ್ತೀನಿ, ನೋಡಿ ಹೇಳಿ.

ಟ್ರಾನ್ಸಿಸ್ಟರ್ ಬಿಸಿ547ಬಿ. ಸಪ್ಲೈ 12 ವೋಲ್ಟ್. ಬೇಸ್ ಡಿವೈಡರ್ ಮೇಲೆ 33ಕೆ, ಕೆಳಗೆ 10ಕೆ. ಕಲೆಕ್ಟರ್‌ಗೆ 2.2ಕೆ, ಎಮಿಟರ್‌ಗೆ 1ಕೆ. ಕಪ್ಲಿಂಗ್ ಕೆಪಾಸಿಟರ್ ಎರಡೂ 10 ಮೈಕ್ರೋಫ್ಯಾರಡ್, ಎಮಿಟರ್ ಬೈಪಾಸೂ (ಎಮಿಟರ್ ರೆಸಿಸ್ಟರ್‌ಗೆ ಪ್ಯಾರಲಲ್ ಇರೋ ಕೆಪಾಸಿಟರ್) 10 ಮೈಕ್ರೋ. ಔಟ್‌ಪುಟ್‌ನಲ್ಲಿ 2.2ಕೆ ಲೋಡ್.

ಡಿಸಿ ರೀಡಿಂಗ್: ಬೇಸ್ 2.73, ಎಮಿಟರ್ 2.07, ಕಲೆಕ್ಟರ್ 7.45 ವೋಲ್ಟ್. ಬಯಾಸ್ ಸರಿ ಇದೆ ಅಂತಲೇ ನನ್ನ ಲೆಕ್ಕ.

ಇನ್‌ಪುಟ್ 1 ಕಿಲೋಹರ್ಟ್ಸ್, ಬೇಸ್ ಹತ್ತಿರ ಸ್ಕೋಪ್ ಇಟ್ಟು ನೋಡಿದ್ರೆ 20 ಮಿಲಿವೋಲ್ಟ್ ಪೀಕ್ ಟು ಪೀಕ್. ಔಟ್‌ಪುಟ್ 1.05 ವೋಲ್ಟ್ ಪೀಕ್ ಟು ಪೀಕ್. ಅಂದ್ರೆ ಗೇನ್ (ಔಟ್‌ಪುಟ್ ಭಾಗಿಸು ಇನ್‌ಪುಟ್) 53ರ ಹತ್ತಿರ. ಎಮಿಟರ್ ಕರೆಂಟ್ 2.07 ಮಿಲಿಆಂಪ್, ಹಾಗಾಗಿ ಎಮಿಟರ್‌ನ ಒಳಗಿನ ರೆಸಿಸ್ಟೆನ್ಸ್ 26 ಮಿಲಿವೋಲ್ಟ್ (ಥರ್ಮಲ್ ವೋಲ್ಟೇಜ್) ಭಾಗಿಸು 2.07 ಅಂದ್ರೆ 12.5 ಓಮ್. 2200 ಭಾಗಿಸು 12.5, ಗೇನ್ 176 ಬರಬೇಕು. ಟ್ರಾನ್ಸಿಸ್ಟರ್ ಬದಲಾಯಿಸಿದರೂ ಅಷ್ಟೇ, ಎಲ್ಲ ಬೆಂಚಲ್ಲೂ 45ರಿಂದ 60ರ ಒಳಗೇ. ಎಲ್ಲಿ ಸೋರ್ತಿದೆ?

ತಂತಿ_ತಿಮ್ಮ

ಬೀಟಾ (ಟ್ರಾನ್ಸಿಸ್ಟರ್‌ನ ಕರೆಂಟ್ ಗೇನ್) ಕಮ್ಮಿ ಇರೋ ಲಾಟು ಬಂದಿದೆ ಮೇಡಂ. ಎಸ್‌ಪಿ ರೋಡಲ್ಲಿ ಕವರ್ ಲೆಕ್ಕದಲ್ಲಿ ತಂದ ಮಾಲು ಅಲ್ವಾ. ಸಿ ಗ್ರೂಪ್ (ಬೀಟಾ ಜಾಸ್ತಿ ಇರೋದು) ಹಾಕಿ, ಗೇನ್ ಏರುತ್ತೆ.

ನೋಡ್_ಅನಾಲಿಸಿಸ್

ಏರಲ್ಲ. ಮೇಡಂ ಇನ್‌ಪುಟ್ ಅಳೆದಿರೋದು ಬೇಸ್‌ನಲ್ಲಿ. ಬೇಸ್‌ನಿಂದ ಕಲೆಕ್ಟರ್‌ವರೆಗಿನ ವೋಲ್ಟೇಜ್ ಗೇನ್‌ನಲ್ಲಿ ಬೀಟಾ ಬರೋದೇ ಇಲ್ಲ. ಅಲ್ಲಿ ಇರೋದು ಎಮಿಟರ್ ಕರೆಂಟು, ಕಲೆಕ್ಟರ್‌ನಲ್ಲಿ ಕಾಣೋ ಒಟ್ಟು ರೆಸಿಸ್ಟೆನ್ಸು, ಎರಡೇ. ಬೀಟಾ 200 ಇರಲಿ 450 ಇರಲಿ (ಬಿ ಗ್ರೂಪ್‌ನ ರೇಂಜೇ ಅಷ್ಟು), ಡಿವೈಡರ್ ಬಯಾಸ್‌ನಲ್ಲಿ ಎಮಿಟರ್ ಕರೆಂಟ್ ಹೆಚ್ಚುಕಮ್ಮಿ ಅದೇ. ಬೀಟಾ ಆಟ ಆಡೋದು ಇನ್‌ಪುಟ್ ಇಂಪಿಡೆನ್ಸ್‌ನಲ್ಲಿ.

ಇನ್ನು ಡಿಸಿ ಮೂರೂ ರೀಡಿಂಗ್ ಒಂದಕ್ಕೊಂದು ತಾಳೆ ಆಗ್ತಿದೆ. ಬೇಸ್‌ನಿಂದ ಎಮಿಟರ್‌ಗೆ 0.66. ಎಮಿಟರ್ ಕರೆಂಟ್ 2.07 ಮಿಲಿಆಂಪ್ ಅಂದ್ರೆ ಕಲೆಕ್ಟರ್‌ನಲ್ಲಿ 4.55 ವೋಲ್ಟ್ ಡ್ರಾಪ್, 12ರಲ್ಲಿ ಕಳೆದರೆ 7.45. ಟ್ರಾನ್ಸಿಸ್ಟರ್ ನಿರಪರಾಧಿ.

ತಂತಿ_ತಿಮ್ಮ

ಹಂಗಾದ್ರೆ ಹೈ ಗೇನ್ ಟ್ರಾನ್ಸಿಸ್ಟರ್ ಅಂತ ಯಾಕೆ ಮಾರ್ತಾರೆ ಗುರು?

ನೋಡ್_ಅನಾಲಿಸಿಸ್

ಅದು ಕರೆಂಟ್ ಗೇನ್. ಸೋರ್ಸ್ ರೆಸಿಸ್ಟೆನ್ಸ್ ಜಾಸ್ತಿ ಇದ್ದಾಗ ಉಪಯೋಗಕ್ಕೆ ಬರುತ್ತೆ. ಇಲ್ಲಿ 50 ಓಮ್ ಜನರೇಟರ್.

ಹುಬ್ಳಿ_ಸರ್ಕಿಟ್

ಮೇಡಂ, ಲೋಡ್ ಮರ್ತ್ರಿ ನೋಡ್ರಿ. ಎಸಿ ಸಿಗ್ನಲ್‌ಗೆ ಕಲೆಕ್ಟರ್ 2.2ಕೆ ಮತ್ತ ಲೋಡ್ 2.2ಕೆ ಎರಡೂ ಪ್ಯಾರಲಲ್ ಅದಾವು. 1.1ಕೆ ಆತು. 1100 ಭಾಗಿಸು 12.5 ಅಂದ್ರ 88. ಅರ್ಧ ಗೇನ್ ಅಲ್ಲೇ ಹೋತು. ಟ್ರಾನ್ಸಿಸ್ಟರಿಂದು ಔಟ್‌ಪುಟ್ ರೆಸಿಸ್ಟೆನ್ಸ್ 2 ಮಿಲಿಆಂಪಿಗೆ ಒಂದು 40ಕೆ ಹಿಡೀರಿ, ಅದೂ ಪ್ಯಾರಲಲ್ ಬರ್ತದ, 85-86ಕ್ಕ ಇಳೀತದ. ಲೋಡ್ ತಗದು ಒಮ್ಮೆ ನೋಡ್ರಿ.

ಸುಮ_ಲ್ಯಾಬ್

ಹೌದು ಸರ್, ಲೋಡ್ ತೆಗೆದ್ರೆ 2.05 ವೋಲ್ಟ್ ಬಂತು. ಗೇನ್ 102. ಆದ್ರೂ 176 ಎಲ್ಲಿ, 102 ಎಲ್ಲಿ?

ಕುಡ್ಲ_ಡಿಎಸ್‌ಒ

ಪ್ರೋಬ್‌ನ ಸ್ವಿಚ್ 10ಎಕ್ಸ್‌ನಲ್ಲಿ ಉಂಟಾ, 1ಎಕ್ಸ್‌ನಲ್ಲಿ ಉಂಟಾ ನೋಡಿದ್ರಾ? ಸ್ಕೋಪ್‌ನ ಮೆನುವಿನಲ್ಲಿ ಎಷ್ಟಿದೆ ಅಂತಲೂ ನೋಡಬೇಕು, ಎರಡೂ ಒಂದೇ ಇರಬೇಕು. ಆದರೆ ಅದು ತಪ್ಪಿದ್ರೆ 10 ಪಟ್ಟು ವ್ಯತ್ಯಾಸ ಬರ್ತದೆ ಮಾರಾಯ್ರೆ, ನಿಮ್ಮದು ಅಷ್ಟು ದೂರ ಇಲ್ಲ. ನನಗೆ ಡೌಟ್ ಬೈಪಾಸ್ ಮೇಲೆ. ಜನರೇಟರ್‌ನ್ನು 10 ಕಿಲೋಹರ್ಟ್ಸ್‌ಗೆ ಏರಿಸಿ, ಬೇರೆ ಏನೂ ಮುಟ್ಟಬೇಡಿ. ಔಟ್‌ಪುಟ್ ಏರಿದ್ರೆ ಕಳ್ಳ ಸಿಕ್ಕಿದ ಅಂತ ಲೆಕ್ಕ.

ಸುಮ_ಲ್ಯಾಬ್

10 ಕಿಲೋಹರ್ಟ್ಸ್‌ನಲ್ಲಿ ಲೋಡ್ ಇಟ್ಟು 1.68, ಲೋಡ್ ಇಲ್ಲದೆ 3.25 ವೋಲ್ಟ್! ಆದ್ರೆ ಬೈಪಾಸ್ ಲೆಕ್ಕ ಹಾಕಿಯೇ ಹಾಕಿದ್ದು. 100 ಹರ್ಟ್ಸ್‌ನಲ್ಲಿ ಕೆಪಾಸಿಟರ್‌ನ ರಿಯಾಕ್ಟೆನ್ಸ್ (ಎಸಿಗೆ ಅದು ಒಡ್ಡೋ ತಡೆ) ಎಮಿಟರ್ ರೆಸಿಸ್ಟರ್‌ನ ಹತ್ತನೇ ಒಂದು ಭಾಗ ಇರಬೇಕು ಅಂತ ಮ್ಯಾನುಯಲ್‌ನಲ್ಲಿದೆ. 1ಕೆ ಗೆ 100 ಓಮ್, ಅಂದ್ರೆ 16 ಮೈಕ್ರೋ. ಸ್ಟಾಕಲ್ಲಿ 10 ಇತ್ತು, ಹಾಕಿದ್ವಿ.

ನೋಡ್_ಅನಾಲಿಸಿಸ್

ಆ ರೂಲ್ ಇದೆಯಲ್ಲ, ಅದೇ ಎಲ್ಲ ಕಾಲೇಜಲ್ಲೂ ಗೇನ್ ತಿನ್ನೋದು. ಬೈಪಾಸ್ ಕೆಪಾಸಿಟರ್‌ನ 1ಕೆ ಜೊತೆ ಹೋಲಿಸೋದೇ ತಪ್ಪು. ಕೆಪಾಸಿಟರ್ ಜಾಗದಿಂದ ಎಮಿಟರ್ ಒಳಗೆ ಇಣುಕಿದ್ರೆ ಕಾಣೋದು 12.5 ಓಮ್. 1ಕೆ ಅದಕ್ಕೆ ಪ್ಯಾರಲಲ್, ಲೆಕ್ಕಕ್ಕಿಲ್ಲ. ಕಟಾಫ್ (ಗೇನ್ 0.707 ಪಟ್ಟಿಗೆ ಇಳಿಯೋ ಫ್ರೀಕ್ವೆನ್ಸಿ) ನಿರ್ಧಾರ ಮಾಡೋದು ಈ 12.5 ಓಮ್ ಮತ್ತು ಕೆಪಾಸಿಟರ್.

10 ಮೈಕ್ರೋ ಜೊತೆ 12.5 ಓಮ್: 1 ಭಾಗಿಸು (2 ಪೈ × 12.5 × 10 ಮೈಕ್ರೋ) = 1270 ಹರ್ಟ್ಸ್. ನಿಮ್ಮ ಲೋ ಕಟಾಫ್ 1.27 ಕಿಲೋಹರ್ಟ್ಸ್, ನೀವು ಗೇನ್ ಅಳೀತಿರೋದು 1 ಕಿಲೋಹರ್ಟ್ಸ್‌ನಲ್ಲಿ. ಮಿಡ್‌ಬ್ಯಾಂಡ್ (ಗೇನ್ ಸಮತಟ್ಟಾಗಿರೋ ಭಾಗ) ಇನ್ನೂ ಶುರುವೇ ಆಗಿಲ್ಲ.

1 ಕಿಲೋಹರ್ಟ್ಸ್‌ನಲ್ಲಿ 10 ಮೈಕ್ರೋದ ರಿಯಾಕ್ಟೆನ್ಸ್ 15.9 ಓಮ್. 12.5 ಮತ್ತು 15.9 ನೇರವಾಗಿ ಕೂಡೋ ಹಾಗಿಲ್ಲ, ವರ್ಗ ಮಾಡಿ ಕೂಡಿ ಮೂಲ ತೆಗೀಬೇಕು. ಸುಮಾರು 20.3 ಬರುತ್ತೆ. ಲೋಡ್ ಸೇರಿ ಕಲೆಕ್ಟರ್‌ನಲ್ಲಿ 1070 ಓಮ್. 1070 ಭಾಗಿಸು 20.3 ಅಂದ್ರೆ 53. ನಿಮ್ಮ ರೀಡಿಂಗ್ ತಪ್ಪೇ ಇಲ್ಲ, ಸರ್ಕಿಟ್ ಹೇಳಬೇಕಾದ್ದನ್ನೇ ಹೇಳ್ತಿದೆ.

ಸೆಮಿಲಾಗ್_ಶೀಟ್

ಸ್ವಲ್ಪ ತಡೀರಿ. ರೂಲ್ ತಪ್ಪು ಅಂತ ತಳ್ಳಿ ಹಾಕೋಕೆ ಆಗಲ್ಲ. ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದು ಡಿಸೈನ್ ಕೇಳಿದಾಗ ವಿದ್ಯಾರ್ಥಿ ಅದೇ ಬರೀಬೇಕು, ಸ್ಕೀಮ್‌ನಲ್ಲಿ ಮಾರ್ಕ್ಸ್ ಇರೋದೇ ಅದಕ್ಕೆ.

ನೋಡ್_ಅನಾಲಿಸಿಸ್

ಮಾರ್ಕ್ಸ್ ಎಕ್ಸ್‌ಟರ್ನಲ್ ಕೊಡ್ತಾರೆ, ಗೇನ್ ಸರ್ಕಿಟ್ ಕೊಡಬೇಕಲ್ಲ ಸರ್. 100 ಹರ್ಟ್ಸ್ ಕಟಾಫ್ ಬೇಕು ಅಂದ್ರೆ 127 ಮೈಕ್ರೋ ಬೇಕು. 16 ಹಾಕಿದ್ರೆ ಕಟಾಫ್ 800 ಹರ್ಟ್ಸ್ ಹತ್ತಿರ. ಎಂಟು ಪಟ್ಟು ಎಡವಟ್ಟು.

ಹುಬ್ಳಿ_ಸರ್ಕಿಟ್

ಇಬ್ರೂ ಸಮಾಧಾನ ಮಾಡ್ಕೋರಿ. ಎಮಿಟರ್‌ನಾಗ ಒಂದು ರೆಸಿಸ್ಟರ್ ಬೈಪಾಸ್ ಮಾಡ್ದ ಬಿಟ್ಟ್ರ, ಅಂದ್ರ 100 ಓಮ್ ಸೀದಾ ಬಿಟ್ಟು 910 ಓಮ್‌ಗೆ ಅಷ್ಟ ಕೆಪಾಸಿಟರ್ ಹಾಕಿದ್ರ, ಆ ಹಳೇ ರೂಲ್ ಬಹುತೇಕ ನಡೀತದ. ಕೆಪಾಸಿಟರ್‌ಗೆ ಕಾಣೋದು 112 ಮತ್ತ 910 ಪ್ಯಾರಲಲ್, ಸುಮಾರು 100 ಓಮ್. 10 ಮೈಕ್ರೋಕ್ಕ ಕಟಾಫ್ 160 ಹರ್ಟ್ಸ್ ಹತ್ರ. ಗೇನ್ 1100 ಭಾಗಿಸು 112, ಹತ್ತರ ಹತ್ರ. ಕಮ್ಮಿ ಖರೆ, ಆದ್ರ ಎಲ್ಲಾ ಬೆಂಚಿನ್ಯಾಗೂ ಹತ್ತ ಬರ್ತದ, ಡಿಸ್ಟಾರ್ಷನ್ನೂ ಇಲ್ಲ. ಲ್ಯಾಬಿನಾಗ ಇದನ್ನ ಕಲಿಸ್ಬೇಕು ಅನ್ನೋದು ನನ್ನ ವಾದ.

ಸೆಮಿಲಾಗ್_ಶೀಟ್

ಹತ್ತು ಗೇನ್ ಬಂದ್ರೆ ಹುಡುಗರಿಗೆ ಆಂಪ್ಲಿಫೈ ಆಗಿದೆ ಅಂತ ಅನ್ನಿಸೋದೇ ಇಲ್ಲ ಸರ್. ಎರಡನ್ನೂ ಮಾಡಿಸಿ, ಪಕ್ಕದಲ್ಲಿ ಪ್ಲಾಟ್ ಮಾಡಿಸಿ ಅಂದ್ರೆ ಒಪ್ತೀನಿ.

ಹಳೆ_ಬೆಂಚು

ಕೆಪಾಸಿಟರ್ ವ್ಯಾಲ್ಯೂ ಒಂದೇ ನೋಡಿ ಬಿಡಬೇಡಿ, ಇಎಸ್‌ಆರ್ ಅಂತ ಒಂದಿದೆ. ಎಲೆಕ್ಟ್ರೋಲಿಟಿಕ್ ಒಳಗಿನ ಸೀರೀಸ್ ರೆಸಿಸ್ಟೆನ್ಸ್. ಚಿಕ್ಕ 10 ಮೈಕ್ರೋಗಳಲ್ಲಿ ಹೊಸದರಲ್ಲೇ ಒಂದೆರಡು ಓಮ್ ಇರೋದು ಸಾಮಾನ್ಯ, ಒಣಗಿದ ಮೇಲೆ ಕೇಳೋದೇ ಬೇಡ. ಪವರ್ ಸಪ್ಲೈ ಫಿಲ್ಟರ್‌ನಲ್ಲಿ ಅದು ಬೇರೆ ಕಥೆ. ಇಲ್ಲಿ ಎದುರಿಗಿರೋದು ಬರೀ 12.5 ಓಮ್, ಅದರಲ್ಲಿ 5 ಓಮ್ ಇಎಸ್‌ಆರ್ ಸೇರಿದ್ರೆ 17.5 ಆಯ್ತು, ಗೇನ್ ಕಾಲು ಭಾಗಕ್ಕಿಂತ ಜಾಸ್ತಿ ಬಿತ್ತು.

ಎರಡನ್ನೂ ಬೇರೆ ಮಾಡೋದು ಸುಲಭ. ಫ್ರೀಕ್ವೆನ್ಸಿ ಏರಿಸಿದಾಗ ಗೇನ್ ಪೂರ್ತಿ ವಾಪಸ್ ಬಂದ್ರೆ ಕೆಪಾಸಿಟೆನ್ಸ್ ಸಾಲದು. ಏರಿ ಏರಿ ಎಲ್ಲೋ ಲೆಕ್ಕಕ್ಕಿಂತ ಕೆಳಗೇ ಚಪ್ಪಟೆ ಆಗಿ ನಿಂತ್ರೆ ಇಎಸ್‌ಆರ್, ಇಲ್ಲಾಂದ್ರೆ ಬ್ರೆಡ್‌ಬೋರ್ಡ್ ಕಾಂಟ್ಯಾಕ್ಟ್. ಸುಮ ಮೇಡಂ ರೀಡಿಂಗ್ 3.25 ಅಂದ್ರೆ 162, ಲೋಡಿಲ್ಲದ ಲೆಕ್ಕ ಬರೋದು 165ರ ಆಸುಪಾಸು. ಹಾಗಾಗಿ ಇಎಸ್‌ಆರ್ ಅಲ್ಲ, ಮೈಕ್ರೋ ಸಾಲದು ಅಷ್ಟೇ. 100 ಮೈಕ್ರೋ 25 ವೋಲ್ಟ್ ಹಾಕಿ ಮುಗಿಸಿ.

ಹಾಕುವಾಗ ಪ್ಲಸ್ ಎಮಿಟರ್ ಕಡೆ. ಇನ್‌ಪುಟ್ ಕೆಪಾಸಿಟರ್‌ನ ಪ್ಲಸ್ ಬೇಸ್ ಕಡೆ, ಯಾಕಂದ್ರೆ ಬೇಸ್‌ನಲ್ಲಿ 2.7 ಇದೆ, ಜನರೇಟರ್ ಕಡೆ ಸೊನ್ನೆ. ಇದನ್ನ ಉಲ್ಟಾ ಹಾಕೋರೇ ಜಾಸ್ತಿ, ಸಿಗ್ನಲ್ ಬರೋ ಕಡೆ ಪ್ಲಸ್ ಅಂದ್ಕೊಂಡು. ಔಟ್‌ಪುಟ್‌ನಲ್ಲಿ ಪ್ಲಸ್ ಕಲೆಕ್ಟರ್‌ಗೆ.

ಥರ್ಡ್‌ಸೆಮ್_ಹುಡುಗ

ಸರ್ ನಮ್ಮ ಬ್ಯಾಚಲ್ಲಿ ಉಲ್ಟಾ ಪ್ರಾಬ್ಲಂ. ಇದೇ ಸರ್ಕಿಟ್, ಲೋಡ್ ಇಲ್ಲ, ಗೇನ್ 320 ಬರ್ತಿದೆ. ಮೇಡಂ ಒಪ್ತಿಲ್ಲ.

ಕುಡ್ಲ_ಡಿಎಸ್‌ಒ

ಇನ್‌ಪುಟ್ ಎಷ್ಟು ಅಂತ ಜನರೇಟರ್ ಡಿಸ್ಪ್ಲೇ ನೋಡಿ ಬರೆದದ್ದಾ?

ಥರ್ಡ್‌ಸೆಮ್_ಹುಡುಗ

ಹೌದು ಸರ್, 20 ಮಿಲಿವೋಲ್ಟ್ ಅಂತ ಡಿಸ್ಪ್ಲೇನಲ್ಲೇ ಇದೆ.

ಕುಡ್ಲ_ಡಿಎಸ್‌ಒ

ಅಲ್ಲೇ ಉಂಟು ನೋಡು. ಜನರೇಟರ್‌ನ ಔಟ್‌ಪುಟ್ ಸೆಟ್ಟಿಂಗ್ 50 ಓಮ್ ಲೋಡ್‌ಗೆ ಇದ್ರೆ, ಎದುರಿಗೆ 50 ಓಮ್ ಇದೆ ಅಂತ ನಂಬಿ ಅದು 20 ತೋರಿಸ್ತದೆ. ನಿನ್ನ ಆಂಪ್ಲಿಫೈಯರ್‌ನ ಇನ್‌ಪುಟ್ 2ಕೆ ಮೇಲೆ. ಹಾಗಾಗಿ ಅಲ್ಲಿ ಬರ್ತಾ ಇರೋದು ಬಹುತೇಕ 40. ಯುಟಿಲಿಟಿ ಮೆನುವಿನಲ್ಲಿ ಲೋಡ್‌ನ್ನು ಹೈ ಝಡ್ (ಹೈ ಇಂಪಿಡೆನ್ಸ್) ಮಾಡು, 320 ಹೋಗಿ 160 ಆಗ್ತದೆ. ಡಿಸ್ಪ್ಲೇ ನಂಬಿ ಟೇಬ್ಯುಲರ್ ಕಾಲಂ ತುಂಬಿಸೋದು ಬಿಡು ಮಾರಾಯ, ಬೇಸ್‌ನಲ್ಲಿ ಅಳೆದು ಬರಿ.

ಎಲ್‌ಟಿಸ್ಪೈಸ್_ಲೋಕಿ

ಇದೆಲ್ಲ ಮೊದಲೇ ಸಿಮ್ಯುಲೇಟ್ ಮಾಡಿದ್ರೆ ಒಂದು ನಿಮಿಷದ ಕೆಲಸ. ಬಿಸಿ547ಬಿ ಮಾಡೆಲ್ ಎಲ್‌ಟಿಸ್ಪೈಸ್‌ನಲ್ಲೇ ಇದೆ. ಎಸಿ ಅನಾಲಿಸಿಸ್ 10 ಹರ್ಟ್ಸ್‌ನಿಂದ 10 ಮೆಗಾವರೆಗೆ ಓಡಿಸಿ, ಬೈಪಾಸ್‌ಗೆ 10, 47, 100, 220 ಸ್ಟೆಪ್ ಕೊಡಿ. ನಾಲ್ಕು ಗೆರೆ ಕಾಣುತ್ತೆ, ವಾದವೇ ಬೇಡ.

ತಂತಿ_ತಿಮ್ಮ

ಸಿಮ್ಯುಲೇಶನ್‌ನಲ್ಲಿ ಬ್ರೆಡ್‌ಬೋರ್ಡ್ ಸಡಿಲ ಆಗಲ್ಲ, ಪ್ಯಾಚ್ ಕಾರ್ಡ್ ಒಳಗೆ ಕಟ್ ಆಗಿರಲ್ಲ, ಹುಡುಗರು ಕಾಮನ್ ಗ್ರೌಂಡ್ ಮರೆಯಲ್ಲ. ಅಲ್ಲಿ ಎಲ್ಲ ಚೆನ್ನಾಗೇ ಇರುತ್ತೆ ಬಿಡಪ್ಪ.

ಎಲ್‌ಟಿಸ್ಪೈಸ್_ಲೋಕಿ

ಅದಕ್ಕೇ ಹೇಳಿದ್ದು. ಸಿಮ್ಯುಲೇಶನ್‌ನಲ್ಲೂ 53 ಬಂದ್ರೆ ಬ್ರೆಡ್‌ಬೋರ್ಡ್ ಬೈಯೋದು ಬಿಟ್ಟು ಡಿಸೈನ್ ನೋಡಬೇಕು ಅಂತ ಗೊತ್ತಾಗುತ್ತೆ.

ಹುಬ್ಳಿ_ಸರ್ಕಿಟ್

ಇದು ಖರೆ ಅದ. ತಿಮ್ಮಣ್ಣಗ ಉತ್ತರ ಇಲ್ಲ ಈಗ.

ಹಳೆ_ಬೆಂಚು

20 ಮಿಲಿವೋಲ್ಟನ್ನ ಸ್ಕೋಪ್‌ನಲ್ಲಿ ಅಳೆಯೋದೇ ಒಂದು ತಲೆನೋವು. ಗೆರೆ ದಪ್ಪಗೆ ಕಾಣುತ್ತೆ, ಪೀಕ್ ಟು ಪೀಕ್ ಅಂತ ಆಟೋ ಮೆಷರ್ ಕೊಟ್ರೆ ನಾಯ್ಸ್ ಸೇರಿಸಿ 26, 28 ಅಂತ ತೋರಿಸುತ್ತೆ. ಇನ್‌ಪುಟ್ ಜಾಸ್ತಿ ಕಂಡಷ್ಟೂ ಗೇನ್ ಕಮ್ಮಿ ಬರುತ್ತೆ.

ಇದಕ್ಕೆ ಹಳೇ ಉಪಾಯ: ಜನರೇಟರ್‌ನಿಂದ 1ಕೆ ಸೀರೀಸ್, ಅಲ್ಲಿಂದ ಗ್ರೌಂಡ್‌ಗೆ 10 ಓಮ್, ಎರಡೂ 1 ಪರ್ಸೆಂಟ್ ಮೆಟಲ್ ಫಿಲ್ಮ್. 10 ಓಮ್ ಮೇಲಿಂದ ಕಪ್ಲಿಂಗ್ ಕೆಪಾಸಿಟರ್‌ಗೆ. ಸ್ಕೋಪ್ ಪ್ರೋಬ್ 1ಕೆ ಯ ಜನರೇಟರ್ ಕಡೆ. ಅಲ್ಲಿ 2 ವೋಲ್ಟ್ ಇಟ್ರೆ 101ರಿಂದ ಭಾಗಿಸಿ, 19.8 ಮಿಲಿವೋಲ್ಟ್. ದೊಡ್ಡ ಸಿಗ್ನಲ್ ಸ್ವಚ್ಛವಾಗಿ ಅಳೆದು ಸಣ್ಣದನ್ನ ಲೆಕ್ಕದಿಂದ ತೆಗೆಯೋದು. ಸೋರ್ಸ್ ಇಂಪಿಡೆನ್ಸೂ 10 ಓಮ್ ಒಳಗೆ ಬಂತು, ಆಂಪ್ಲಿಫೈಯರ್ ಇನ್‌ಪುಟ್ ಎಳೆದ್ರೂ ಅಲ್ಲಾಡಲ್ಲ.

ಇನ್ನು ಡಿಎಸ್‌ಒ (ಡಿಜಿಟಲ್ ಸ್ಕೋಪ್) ಇದ್ರೆ ಅಕ್ವೈರ್ ಮೆನುವಿನಲ್ಲಿ ಆವರೇಜ್ 16, ಬ್ಯಾಂಡ್‌ವಿಡ್ತ್ ಲಿಮಿಟ್ 20 ಮೆಗಾ ಆನ್ ಮಾಡಿ. ಟ್ರಿಗರ್ ಜನರೇಟರ್‌ನ ಸಿಂಕ್ ಔಟ್‌ಪುಟ್‌ನಿಂದ ತಗೊಳ್ಳಿ. ಸಣ್ಣ ಸಿಗ್ನಲ್ ಮೇಲೇ ಟ್ರಿಗರ್ ಮಾಡೋಕೆ ಹೋದ್ರೆ ಅಲೆ ನಿಲ್ಲಲ್ಲ, ಆವರೇಜೂ ಕೆಲಸ ಮಾಡಲ್ಲ.

ಸೆಮಿಲಾಗ್_ಶೀಟ್

ಈ ಅಟೆನ್ಯುಯೇಟರ್ ನಮ್ಮಲ್ಲೂ ಇದೆ, ಒಳ್ಳೇ ಅಭ್ಯಾಸ. ಒಂದು ಸೇರಿಸ್ತೀನಿ: 20 ಮಿಲಿವೋಲ್ಟ್ ಪೀಕ್ ಟು ಪೀಕ್ ಕೂಡ ಜಾಸ್ತಿಯೇ. ಬೇಸ್‌ನಲ್ಲಿ ಪೀಕ್ 10 ಮಿಲಿವೋಲ್ಟ್ ಅಂದ್ರೆ ಸೆಕೆಂಡ್ ಹಾರ್ಮೋನಿಕ್ ಸುಮಾರು 10 ಪರ್ಸೆಂಟ್, ಪೀಕನ್ನ 104 ಮಿಲಿವೋಲ್ಟ್‌ನಿಂದ, ಅಂದ್ರೆ 26ರ ನಾಲ್ಕು ಪಟ್ಟಿನಿಂದ ಭಾಗಿಸಿದ್ರೆ ಬರುತ್ತೆ. ಔಟ್‌ಪುಟ್ ಗಮನಿಸಿ ನೋಡಿ, ಕೆಳಗಿನ ತುದಿ ಚೂಪು, ಮೇಲಿನ ತುದಿ ಮೊಂಡು. ಕ್ಲಿಪ್ ಅಲ್ಲ ಅದು, ಬೇಸ್-ಎಮಿಟರ್ ಜಂಕ್ಷನ್‌ನ ಎಕ್ಸ್‌ಪೊನೆನ್ಷಿಯಲ್ ಗುಣ. ಹುಡುಗರು ಸೈನ್ ವೇವ್ ಬಂತು ಅಂತ ಬರ್ಕೊಂಡು ಹೋಗ್ತಾರೆ. 10 ಮಿಲಿವೋಲ್ಟ್ ಪೀಕ್ ಟು ಪೀಕ್ ಸಾಕು.

ನಿಜವಾದ ಕ್ಲಿಪ್ಪಿಂಗ್ ಬೇರೆ. ಲೋಡ್ ಇಲ್ಲದಾಗ ಕಲೆಕ್ಟರ್ 7.45ರಿಂದ ಮೇಲೆ 4.5 ವೋಲ್ಟ್ ಹೋಗಬಹುದು, ಕೆಳಗೆ 5 ವೋಲ್ಟ್ ಇಳಿಯಬಹುದು. 2.2ಕೆ ಲೋಡ್ ಹಾಕಿದ್ರೆ ಮೇಲಿನದು 2.07 ಮಿಲಿಆಂಪ್ × 1.1ಕೆ, ಅಂದ್ರೆ 2.3 ವೋಲ್ಟ್‌ಗೇ ನಿಲ್ಲುತ್ತೆ. ಮೇಲೆ ಚಪ್ಪಟೆ ಆದ್ರೆ ಕಟಾಫ್ (ಇಲ್ಲಿ ಫ್ರೀಕ್ವೆನ್ಸಿ ಅಲ್ಲ, ಟ್ರಾನ್ಸಿಸ್ಟರ್ ಪೂರ್ತಿ ಆಫ್), ಕೆಳಗೆ ಚಪ್ಪಟೆ ಆದ್ರೆ ಸ್ಯಾಚುರೇಶನ್ (ಪೂರ್ತಿ ಆನ್). ವೈವಾದಲ್ಲಿ ನೂರಕ್ಕೆ ತೊಂಬತ್ತು ಮಂದಿ ತಿರುಗಿಸಿ ಹೇಳೋದು ಇದನ್ನೇ.

ತಂತಿ_ತಿಮ್ಮ

ವೈವಾ ಅಂದ್ಮೇಲೆ 0.707 ಯಾಕೆ ಅಂತ ಕೇಳದೇ ಬಿಡ್ತಾರಾ.

ಸೆಮಿಲಾಗ್_ಶೀಟ್

ಅರ್ಧ ಪವರ್. ಮುಂದಿನ ಪ್ರಶ್ನೆ.

ಥರ್ಡ್‌ಸೆಮ್_ಹುಡುಗ

ಇನ್ನೊಂದು ಡೌಟ್. ಪಕ್ಕದ ಬೆಂಚಲ್ಲಿ ಔಟ್‌ಪುಟ್ಟೇ ಇಲ್ಲ, ಕಲೆಕ್ಟರ್‌ನಲ್ಲಿ ಪೂರ್ತಿ 12 ವೋಲ್ಟ್. ಏನು ಚೆಕ್ ಮಾಡ್ಬೇಕು?

ಹಳೆ_ಬೆಂಚು

ಜನರೇಟರ್ ಬಿಚ್ಚಿ, ಮಲ್ಟಿಮೀಟರ್ ಕರಿ ತಂತಿ ಗ್ರೌಂಡ್‌ಗೆ ಇಟ್ಟು ಮೂರು ಜಾಗ ಅಳಿ. ಮೂರು ನಂಬರ್ ಸಾಕು.

ಕಲೆಕ್ಟರ್ 12, ಬೇಸ್ 0: ಮೇಲಿನ 33ಕೆ ಗೆ ಸಪ್ಲೈ ಹೋಗಿಲ್ಲ. ಉದ್ದದ ಬ್ರೆಡ್‌ಬೋರ್ಡ್ ಆಗಿದ್ರೆ ಪವರ್ ರೈಲ್ ನಡುವೆ ಕಟ್ ಆಗಿರುತ್ತೆ, ಕೆಂಪು ಗೆರೆ ಅಲ್ಲಿ ನಿಂತು ಮತ್ತೆ ಶುರು ಆಗುತ್ತೆ ನೋಡು. ಅಲ್ಲೊಂದು ಜಂಪರ್ ಬೇಕು.

ಕಲೆಕ್ಟರ್ 12, ಬೇಸ್ 2.79, ಎಮಿಟರ್ 0: ಬೇಸ್-ಎಮಿಟರ್ ಓಪನ್, ಅಥವಾ ಟ್ರಾನ್ಸಿಸ್ಟರ್ ಕಾಲು ತೂತೊಳಗೆ ಕೂತಿಲ್ಲ. ಬೇಸ್ ಸರಿ ಇದ್ದು ಎಮಿಟರ್ ಎರಡು ವೋಲ್ಟ್ ಮೇಲೆ ತೋರಿಸಿದ್ರೂ ಕಲೆಕ್ಟರ್ 12 ಇದ್ರೆ ಎಮಿಟರ್ ರೆಸಿಸ್ಟರ್ ಗ್ರೌಂಡ್ ಸೇರಿಲ್ಲ. ಆ ವೋಲ್ಟೇಜ್ ಮೀಟರ್ ಮೂಲಕ ಹರಿಯೋ ಚೂರು ಕರೆಂಟಿಂದ ಬಂದಿದ್ದು.

ಬಿಚ್ಚಿದಾಗ ಸರಿ ಇದ್ದು ಜನರೇಟರ್ ಹಾಕಿದ ತಕ್ಷಣ ಬೇಸ್ ಕುಸಿದ್ರೆ ಇನ್‌ಪುಟ್ ಕೆಪಾಸಿಟರ್ ಲೀಕ್, ಇಲ್ಲಾ ಕೆಪಾಸಿಟರ್ ಬಿಟ್ಟು ನೇರ ಬೇಸ್‌ಗೇ ಚುಚ್ಚಿದ್ದಾರೆ. 50 ಓಮ್ ಮೂಲಕ ಬೇಸ್ ಗ್ರೌಂಡ್ ಆಯ್ತು.

ಇದರ ಉಲ್ಟಾ ಕೇಸು: ಬೇಸ್ 4.6, ಎಮಿಟರ್ 3.9, ಕಲೆಕ್ಟರ್ 4. ಕೆಳಗಿನ 10ಕೆ ಓಪನ್, ಟ್ರಾನ್ಸಿಸ್ಟರ್ ಪೂರ್ತಿ ಸ್ಯಾಚುರೇಶನ್. ಎಮಿಟರ್ 0, ಬೇಸ್ 0.7, ಕಲೆಕ್ಟರೂ ಸೊನ್ನೆ ಹತ್ತಿರ ಅಂದ್ರೆ ಬೈಪಾಸ್ ಕೆಪಾಸಿಟರ್ ಶಾರ್ಟ್.

ಥರ್ಡ್‌ಸೆಮ್_ಹುಡುಗ

ಎರಡನೇದೇ ಸರ್, ಬೇಸ್ 2.79 ಎಮಿಟರ್ 0. ಕಾಲು ಒತ್ತಿ ಕೂರಿಸಿದ ಮೇಲೆ ಬಂತು. ಥ್ಯಾಂಕ್ಸ್.

ಕುಡ್ಲ_ಡಿಎಸ್‌ಒ

ಪಿನ್ ವಿಷಯವೂ ಹೇಳಿಬಿಡ್ತೇನೆ. ಬಿಸಿ547 ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಹಿಡಿದ್ರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904 ಆದ್ರೆ ಎಮಿಟರ್, ಬೇಸ್, ಕಲೆಕ್ಟರ್. 2222 ಇನ್ನೂ ಮೋಸ, ಪ್ಲಾಸ್ಟಿಕ್‌ನಲ್ಲಿ ಪಿಎನ್2222 ಒಂದು ಥರ, ಪಿ2ಎನ್2222 ತದ್ವಿರುದ್ಧ. ಕಲೆಕ್ಟರ್ ಎಮಿಟರ್ ಅದಲುಬದಲಾದ್ರೂ ಬೇಸ್‌ನಿಂದ 0.65 ಡ್ರಾಪ್ ತೋರಿಸ್ತದೆ, ಜೀವ ಇದೆ ಅಂತ ಅನ್ನಿಸ್ತದೆ. ಆದರೆ ಬೀಟಾ ಬಹಳ ಕೆಳಗೆ ಇಳಿದಿರ್ತದೆ, ಬೇಸ್ ಕರೆಂಟ್ ಎಳೆದು ಡಿವೈಡರ್ ವೋಲ್ಟೇಜೇ ಬೀಳ್ತದೆ. ಬೇಸ್‌ನಲ್ಲಿ 2.7 ಇರಬೇಕಾದಲ್ಲಿ 2ಕ್ಕಿಂತ ಕೆಳಗೆ ಕಂಡ್ರೆ ಮೊದಲು ಪಿನ್ ನೋಡಿ.

ಗುರುತು ಅಳಿಸಿದ್ರೆ ಮೀಟರ್‌ನ ಡಯೋಡ್ ರೇಂಜ್‌ನಲ್ಲಿ ಬೇಸ್‌ನಿಂದ ಎರಡೂ ಕಡೆ ಅಳೆಯಿರಿ. ಕೆಲವು ಮಿಲಿವೋಲ್ಟ್ ಜಾಸ್ತಿ ತೋರಿಸೋದು ಎಮಿಟರ್.

ಹುಬ್ಳಿ_ಸರ್ಕಿಟ್

ನಮ್ಮಲ್ಲಿ ಇನ್ನೂ ಎಸ್‌ಎಲ್100 ನಡ್ಯಾಕ್ಹತ್ತೇದ. ಲೋಹದ ಟೋಪಿ, ಸಣ್ಣ ಕಿವಿ ಇರೋ ಕಡೆ ಎಮಿಟರ್. ಟೋಪಿಗೇ ಕಲೆಕ್ಟರ್ ಕೂಡೇದ, ಪಕ್ಕದ ರೆಸಿಸ್ಟರ್ ಕಾಲು ತಾಗಿತು ಅಂದ್ರ ಮುಗೀತು.

ತಂತಿ_ತಿಮ್ಮ

ಎಸ್‌ಎಲ್100 ಗಟ್ಟಿ ಮಾಲು. ಎಷ್ಟು ಬ್ಯಾಚ್ ಹುಡುಗರು ಕಾಲು ಬಗ್ಗಿಸಿದ್ರೂ ಮುರಿಯಲ್ಲ. 547 ಎರಡು ಸಲ ಬಗ್ಗಿಸಿದ್ರೆ ಕಾಲು ಕೈಗೆ.

ಸುಮ_ಲ್ಯಾಬ್

100 ಮೈಕ್ರೋ ಹಾಕಿ ನೋಡಿದೆ, ಹಳೆ_ಬೆಂಚು ಸರ್ ಹೇಳಿದ ಅಟೆನ್ಯುಯೇಟರ್ ಜೊತೆ. ಇನ್‌ಪುಟ್ 10 ಮಿಲಿವೋಲ್ಟ್ ಪೀಕ್ ಟು ಪೀಕ್, 1 ಕಿಲೋಹರ್ಟ್ಸ್. ಲೋಡ್ ಸಹಿತ 0.84 ವೋಲ್ಟ್, ಲೋಡ್ ರಹಿತ 1.63. ಲೋ ಕಟಾಫ್ 130 ಹರ್ಟ್ಸ್ ಹತ್ತಿರ. ಎಲ್ಲ ಲೆಕ್ಕಕ್ಕೆ ಕೂತಿದೆ.

ಈಗ ಹೊಸ ತಕರಾರು: ಹೈ ಕಟಾಫ್ ಸಿಗ್ತಿಲ್ಲ. ಜನರೇಟರ್ 1 ಮೆಗಾಹರ್ಟ್ಸ್‌ವರೆಗೆ ಮಾತ್ರ, ಅಲ್ಲೀವರೆಗೂ ಗೇನ್ ಹೆಚ್ಚು ಬೀಳ್ತಾನೇ ಇಲ್ಲ. ಸೆಮಿಲಾಗ್ ಶೀಟ್‌ನಲ್ಲಿ ಬಲಗಡೆ ಇಳಿಜಾರು ಬರಲೇಬೇಕಲ್ಲ.

ನೋಡ್_ಅನಾಲಿಸಿಸ್

ಸೋರ್ಸ್ 10 ಓಮ್ ಆದ್ರೆ ಬೀಳೋದು ಕಷ್ಟ. ಮೇಲಿನ ಕಟಾಫ್ ಮಾಡೋದು ಮಿಲ್ಲರ್ ಕೆಪಾಸಿಟೆನ್ಸ್. ಕಲೆಕ್ಟರ್-ಬೇಸ್ ನಡುವೆ 3.5 ಪಿಕೋ, ಬ್ರೆಡ್‌ಬೋರ್ಡ್‌ನ ಪಕ್ಕಪಕ್ಕದ ಸಾಲುಗಳ ನಡುವೆ ಇನ್ನೆರಡು ಮೂರು ಪಿಕೋ ಸೇರುತ್ತೆ. ಅದನ್ನ ಗೇನ್‌ನಷ್ಟು, ಅಂದ್ರೆ 85 ಪಟ್ಟು ಮಾಡಿ, ಬೇಸ್-ಎಮಿಟರ್‌ದೂ ಕೂಡಿಸಿದ್ರೆ ಸುಮಾರು 600 ಪಿಕೋ. ಅದು ಚಾರ್ಜ್ ಆಗೋದು ಸೋರ್ಸ್ ರೆಸಿಸ್ಟೆನ್ಸ್ ಮೂಲಕ. ಹತ್ತಾರು ಓಮ್ ಇದ್ರೆ ಮೆಗಾಹರ್ಟ್ಸ್ ದಾಟುತ್ತೆ.

ಬೇಸ್ ದಾರೀಲಿ 1ಕೆ ಸೀರೀಸ್ ಹಾಕಿ. ಇನ್‌ಪುಟ್ ಇಂಪಿಡೆನ್ಸ್ ಸುಮಾರು 2.4ಕೆ, ಎರಡೂ ಪ್ಯಾರಲಲ್ 700 ಓಮ್. 600 ಪಿಕೋ ಜೊತೆ ಕಟಾಫ್ 350ರಿಂದ 400 ಕಿಲೋಹರ್ಟ್ಸ್ ನಡುವೆ ಎಲ್ಲೋ ಬರುತ್ತೆ. ಸಿಗ್ನಲ್ 0.7 ಪಟ್ಟಿಗೆ ಇಳಿಯುತ್ತೆ, ಅದನ್ನ ಗೇನ್ ಲೆಕ್ಕದಲ್ಲಿ ಮರೀಬೇಡಿ. ಈ ರೀಡಿಂಗ್‌ಗೆ ಇನ್‌ಪುಟ್ 1ಕೆ ಯ ಆ ಕಡೆ ಅಳೀಬೇಕು, ಬೇಸ್‌ನಲ್ಲಿ ಅಲ್ಲ. ಬೇಸ್‌ನಲ್ಲಿ ಅಳೆದ್ರೆ ಇನ್‌ಪುಟ್ಟೂ ಜೊತೆಗೇ ಬೀಳುತ್ತೆ, ಇಳಿಜಾರು ಮಾಯ.

ಕುಡ್ಲ_ಡಿಎಸ್‌ಒ

ಔಟ್‌ಪುಟ್‌ನ ಪ್ರೋಬ್ 10ಎಕ್ಸ್‌ನಲ್ಲೇ ಇರಲಿ. 1ಎಕ್ಸ್‌ನಲ್ಲಿ ಕೇಬಲ್ ಸೇರಿ 100 ಪಿಕೋ ಹತ್ತಿರ ಲೋಡ್ ಆಗ್ತದೆ, 1.1ಕೆ ಜೊತೆ ಅದೇ ಒಂದು ಕಟಾಫ್ ಮಾಡ್ತದೆ, ಒಂದೂವರೆ ಮೆಗಾ ಆಸುಪಾಸು. ಆಂಪ್ಲಿಫೈಯರ್‌ದು ಅಂತ ಪ್ರೋಬ್‌ನದ್ದನ್ನು ಬರೆದ ಹಾಗೆ ಆಗ್ತದೆ. ಮತ್ತೆ ಮಲ್ಟಿಮೀಟರ್‌ನ ಎಸಿ ರೇಂಜ್‌ನಲ್ಲಿ ಫ್ರೀಕ್ವೆನ್ಸಿ ರೆಸ್ಪಾನ್ಸ್ ತೆಗೆಯೋರು ಇದ್ದಾರೆ, ಬೇಡ. ಅಗ್ಗದ ಮೀಟರ್‌ಗಳು 400 ಹರ್ಟ್ಸ್ ದಾಟಿದ್ರೆ ನಂಬಿಕೆಗೆ ಯೋಗ್ಯ ಅಲ್ಲ.

ಸೆಮಿಲಾಗ್_ಶೀಟ್

ಇಂಪಿಡೆನ್ಸ್ ಮಾತು ಬಂತಲ್ಲ, ಅದನ್ನೂ ಲೆಕ್ಕಕ್ಕೆ ಬಿಡಬೇಡಿ, ಅಳೆಸಿ. ಡಿಆರ್‌ಬಿ (ಡೆಕೇಡ್ ರೆಸಿಸ್ಟೆನ್ಸ್ ಬಾಕ್ಸ್) ಇನ್‌ಪುಟ್‌ಗೆ ಸೀರೀಸ್ ಹಾಕಿ, ಮೊದಲು ಸೊನ್ನೆ ಇಟ್ಟು ಔಟ್‌ಪುಟ್ ಬರ್ಕೊಳ್ಳಿ. ಆಮೇಲೆ ಏರಿಸ್ತಾ ಔಟ್‌ಪುಟ್ ಅರ್ಧಕ್ಕೆ ಬಂದಾಗ ನಿಲ್ಲಿಸಿ, ಆ ಓಮ್ ಇನ್‌ಪುಟ್ ಇಂಪಿಡೆನ್ಸ್. ಔಟ್‌ಪುಟ್‌ಗೆ ಲೋಡ್ ತೆಗೆದು ಡಿಆರ್‌ಬಿಯನ್ನೇ ಲೋಡ್ ಮಾಡಿ, ದೊಡ್ಡ ವ್ಯಾಲ್ಯೂನಿಂದ ಇಳಿಸ್ತಾ ಅರ್ಧಕ್ಕೆ ತನ್ನಿ, 2.1ಕೆ ಆಸುಪಾಸು ಬರುತ್ತೆ. ಎರಡೂ ಮಿಡ್‌ಬ್ಯಾಂಡ್‌ನಲ್ಲಿ, 5ರಿಂದ 10 ಕಿಲೋಹರ್ಟ್ಸ್ ನಡುವೆ. ಡಿಆರ್‌ಬಿ ಸೊನ್ನೆಗೆ ಹೋಗೋಕೆ ಬಿಡಬೇಡಿ, ಔಟ್‌ಪುಟ್ ಶಾರ್ಟ್ ಆಗುತ್ತೆ. ಟ್ರಾನ್ಸಿಸ್ಟರ್ ಸಾಯಲ್ಲ, ರೀಡಿಂಗ್ ಹಾಳು.

ಹುಬ್ಳಿ_ಸರ್ಕಿಟ್

ಇಲ್ಲೇ ತಿಮ್ಮಣ್ಣನ ಬೀಟಾ ಕಾಣ್ತದ ನೋಡ್ರಿ. ಸಿ ಗ್ರೂಪ್ ಹಾಕ್ರಿ, ಇನ್‌ಪುಟ್ ಇಂಪಿಡೆನ್ಸ್ ಮ್ಯಾಲ ಹೋಗ್ತದ. ಗೇನ್ ಮಾತ್ರ ಅಲ್ಲೇ ಇರ್ತದ.

ತಂತಿ_ತಿಮ್ಮ

1ಕೆ ಸೀರೀಸ್ ಹಾಕಿದ್ಮೇಲೆ ಒಟ್ಟು ಗೇನೂ ಏರುತ್ತಲ್ಲ ಸ್ವಾಮಿ, ಇನ್‌ಪುಟ್ ಡಿವೈಡರ್ ಕಮ್ಮಿ ತಿನ್ನುತ್ತೆ. ಅಂದ್ರೆ ನಾನು ಹೇಳಿದ್ದೂ ಸುಳ್ಳಲ್ಲ.

ನೋಡ್_ಅನಾಲಿಸಿಸ್

1ಕೆ ಇದ್ದಾಗ, ಹೌದು. ಆದ್ರೆ ಪ್ರಶ್ನೆ ಕೇಳಿದಾಗ 1ಕೆ ಇರಲಿಲ್ಲ.

ಸುಮ_ಲ್ಯಾಬ್

1ಕೆ ಹಾಕಿದೆ, 370 ಕಿಲೋಹರ್ಟ್ಸ್‌ನಲ್ಲಿ 0.707ಕ್ಕೆ ಇಳಿಯಿತು. ಕಲೆಕ್ಟರ್ ವೈರ್ ಬೇಸ್ ವೈರ್ ಪಕ್ಕದಿಂದ ಎತ್ತಿ ದೂರ ಹಾಕಿದ್ರೆ 400 ದಾಟ್ತಿದೆ. ಸಪ್ಲೈಗೆ ಬೋರ್ಡ್ ಮೇಲೇ 0.1 ಸೆರಾಮಿಕ್ ಹಾಕಿದ್ದೀನಿ. ಮುಂದಿನ ಬ್ಯಾಚ್‌ಗೆ ಬೈಪಾಸ್ 10 ಒಂದು ಸಲ, 100 ಒಂದು ಸಲ, ಎರಡೂ ಗೆರೆ ಒಂದೇ ಶೀಟ್ ಮೇಲೆ ಹಾಕಿಸ್ತೀನಿ.

ಸೆಮಿಲಾಗ್_ಶೀಟ್

ಶೀಟ್ ನಾಲ್ಕು ಸೈಕಲ್‌ದು ತನ್ನಿ ಮೇಡಂ, 100 ಹರ್ಟ್ಸ್‌ನಿಂದ 1 ಮೆಗಾ ಅದರಲ್ಲೇ ಹಿಡಿಸುತ್ತೆ. 10 ಹರ್ಟ್ಸ್‌ನಿಂದ ಬೇಕಂದ್ರೆ ಐದು ಸೈಕಲ್‌ದೇ ಬೇಕು.